ನಾಯಿಯ ಹೆಸರು ಕೇಳಬಾರದು

ಅಧಿಕಾರ ಬರುವುದಕ್ಕೆ ನಾನಾ ದಾರಿಗಳಿವೆ. ಕೆಲವರಿಗೆ ಓದಿ ಬರುತ್ತದೆ, ಕೆಲವರಿಗೆ ಕಾಲು ಹಿಡಿದು ಬರುತ್ತದೆ. ಚೀಟಣ್ಣನಿಗೆ ಮಾತ್ರ ಅದು ಫಾರಮ್ಮೊಂದರಲ್ಲಿ ಖಾಲಿ ಉಳಿದಿದ್ದ ಜಾಗದಿಂದ ಬಂತು.

ಚೀಟಣ್ಣ ಇಪ್ಪತ್ತೆರಡು ವರ್ಷದಿಂದ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್. ಬಂದ ನಾಯಿ ಬೆಕ್ಕುಗಳ ಹೆಸರು, ವಯಸ್ಸು, ತೂಕ, ಕಾಯಿಲೆಯನ್ನು ಚೀಟಿಯಲ್ಲಿ ಬರೆದು ಒಳಗೆ ಕಳಿಸುವುದು ಅವನ ಕೆಲಸ. ಚೀಟಣ್ಣ ಅನ್ನುವ ಹೆಸರು ಅವನಿಗೆ ಬಂದದ್ದೂ ಅದರಿಂದಲೇ. ಡಾಕ್ಟರಮ್ಮ ಸೂಜಿ ಹಿಡಿದಾಗ ನಾಯಿಯನ್ನು ಹಿಡಿಯಬೇಕು. ಸೂಜಿ ನೋಡಿ ನಾಯಿಯ ಯಜಮಾನ ತಲೆ ತಿರುಗಿ ಬಿದ್ದರೆ ಅವನನ್ನೂ ಹಿಡಿಯಬೇಕು. ಎರಡರಲ್ಲಿ ಕಚ್ಚದೆ ಇರುತ್ತಿದ್ದದ್ದು ಸಾಮಾನ್ಯವಾಗಿ ನಾಯಿಯೇ.

ಹೀಗಿರುವಾಗ ಕ್ಲಿನಿಕ್ಕಿಗೆ ಒಂದು ಬಿಳಿ ಯಂತ್ರ ಬಂತು. ಸಕ್ಕರೆ ಡಬ್ಬಿಯಷ್ಟು ಗಾತ್ರ, ಒಳಗೆಲ್ಲ ಕೃತಕ ಬುದ್ಧಿ. ಡಾಕ್ಟರಮ್ಮ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡು ತಾನೇ ಕೇಸ್ ಬರೆಯುತ್ತಿತ್ತು, ಎಕ್ಸ್‌ರೇ ನೋಡಿ ಯಾವ ಮೂಳೆ ಮುರಿದಿದೆ ಅನ್ನುತ್ತಿತ್ತು, ಔಷಧಿಯ ವಿವರವನ್ನು ಯಜಮಾನರ ಫೋನಿಗೆ ಕಳಿಸುತ್ತಿತ್ತು. ರಜೆ ಕೇಳುತ್ತಿರಲಿಲ್ಲ, ಸೊಂಟ ನೋವು ಅನ್ನುತ್ತಿರಲಿಲ್ಲ. ಅದು ಬಂದ ದಿನವೇ ಚೀಟಣ್ಣನ ಮೇಜು ಬಾಗಿಲ ಬಳಿಯಿಂದ ತೂಕದ ಯಂತ್ರದ ಹಿಂದಕ್ಕೆ ಹೋಯಿತು. ಮೇಜು ಹಿಂದಕ್ಕೆ ಸರಿಯಿತು ಅಂದರೆ ಮುಂದಿನ ಸರದಿ ಮೇಜಿನ ಹಿಂದೆ ಕೂತವನದು ಅಂತ ತಿಳಿಯದಷ್ಟು ದಡ್ಡನೇನಲ್ಲ ಅವನು.

ಆ ವಾರ ಡಾಕ್ಟರಮ್ಮ ಮಾಹಿತಿ ರಕ್ಷಣೆಯ ತರಬೇತಿಗೆ ಹೋಗಿ, ಒಂದು ಕೈಪಿಡಿ ಮತ್ತು ಫಾರಮ್ಮು ಹಿಡಿದು ಬಂದರು. ಇಂಥ ಯಂತ್ರ ಇಟ್ಟುಕೊಂಡ ಕ್ಲಿನಿಕ್ಕಿನಲ್ಲಿ ಮಾಹಿತಿ ಸೋರದ ಹಾಗೆ ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಲೇಬೇಕಂತೆ.

"ಚೀಟಣ್ಣ, ಆ ಖಾಲಿ ಜಾಗದಲ್ಲಿ ನಿಮ್ಮ ಹೆಸರು ಹಾಕಿದೀನಿ. ಇವತ್ತಿಂದ ನೀವು ಮಾಹಿತಿ ರಕ್ಷಣಾಧಿಕಾರಿ," ಅಂದರು.

"ನಾನೇನು ಮಾಡ್ಬೇಕು ಮೇಡಂ?"

"ಏನೂ ಮಾಡ್ಬೇಡಿ. ಅದೇ ಮುಖ್ಯ."

ಚೀಟಣ್ಣನ ಕಿವಿಗೆ ಬಿದ್ದದ್ದು 'ಅಧಿಕಾರಿ' ಅನ್ನುವವರೆಗೆ ಮಾತ್ರ. ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಹೆಂಡತಿ ಒಲೆ ಆರಿಸಿ ಬಂದು, ಇನ್ನೊಮ್ಮೆ ಹೇಳಿ ಅಂದಳು. ಇನ್ನೊಮ್ಮೆ ಹೇಳಿದ. ಅವಳ ಮುಖ ಹಾಗೆ ಅರಳಿದ್ದನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು. ಪಾಪ, ಅವಳ ಕಷ್ಟ ಅವಳಿಗೆ. ಅವಳ ಅಕ್ಕನ ಗಂಡ, ಅಂದರೆ ಚೀಟಣ್ಣನ ಷಡ್ಡಕ, ವಿಮಾ ಕಚೇರಿಯಲ್ಲಿ ಅಧಿಕಾರಿ. ಎರಡು ವರ್ಷದ ಹಿಂದೆ ಪ್ರಮೋಷನ್ ಬೇರೆ ಆಗಿದೆ ಅಂತ ಎಲ್ಲರಿಗೂ ಹೇಳಿದ್ದ. ಮನೆಮಂದಿ ಸೇರಿದಾಗೆಲ್ಲ "ಏನಯ್ಯಾ, ಇವತ್ತೆಷ್ಟು ಬಾಲ ಎತ್ತಿದೆ?" ಅಂತ ಕೇಳುವುದು ಅವನ ವಾಡಿಕೆ. ಎಲ್ಲರೂ ನಗುತ್ತಿದ್ದರು. ಚೀಟಣ್ಣನೂ ನಗುತ್ತಿದ್ದ. ಅವಳೊಬ್ಬಳು ಮಾತ್ರ ಪಾತ್ರೆ ಎತ್ತಿಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಆ ಸಂಜೆ ಅವಳು ಅಕ್ಕನಿಗೆ ಫೋನು ಮಾಡಿ ಅರ್ಧ ಗಂಟೆ ಬೇರೆ ಏನೇನೋ ಮಾತಾಡಿ, ಕೊನೆಗೆ ಈಗಷ್ಟೇ ನೆನಪಾದವಳಂತೆ, "ಅಂದ ಹಾಗೆ ಅಕ್ಕಾ, ನಮ್ಮನೆಯವರೂ ಅಧಿಕಾರಿ ಆದ್ರು ಕಣೆ" ಅಂದಳು. ಇನ್ನು ಈ ಹುದ್ದೆ ಹೋದರೆ ಹೋಗುವುದು ಬರೀ ಹುದ್ದೆಯಲ್ಲ ಅಂತ ಚೀಟಣ್ಣನಿಗೆ ಆಗಲೇ ಗೊತ್ತಾಯಿತು.

ಅವನು ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಹಾಗೆ ಓದಿದ ಮನುಷ್ಯ ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು. ಅದರಲ್ಲೊಂದು ಕಡೆ ಹೀಗಿತ್ತು: 'ಬಹಳ ಜನ ತಮ್ಮ ಸಾಕುಪ್ರಾಣಿಯ ಹೆಸರನ್ನೇ ಫೋನಿಗೆ, ಬ್ಯಾಂಕ್ ಖಾತೆಗೆ ಪಾಸ್‌ವರ್ಡ್ ಆಗಿ ಇಟ್ಟುಕೊಳ್ಳುತ್ತಾರೆ.'

ಚೀಟಣ್ಣನ ಬೆನ್ನು ನೇರವಾಯಿತು. ನೇರ ಎದ್ದು ಪಕ್ಕದ ಔಷಧಿ ಅಂಗಡಿಗೆ ಹೋದ. ಅಂಗಡಿಯಾತ ಗಿರಾಕಿಗೆ ಚಿಲ್ಲರೆ ಹುಡುಕುತ್ತಿದ್ದ. ಗಲ್ಲಾಪೆಟ್ಟಿಗೆಯ ಮೇಲೆ ಅವನ ಫೋನಿತ್ತು. ಚೀಟಣ್ಣ ಅದನ್ನೆತ್ತಿಕೊಂಡು, ಅವನ ನಾಯಿಯ ಹೆಸರು 'ಜಿಮ್ಮಿ' ಅಂತ ಒತ್ತಿದ. ಫೋನು ಮನೆಬಾಗಿಲಿನ ಹಾಗೆ ತೆರೆದುಕೊಂಡಿತು.

"ಏಯ್, ಏನಯ್ಯಾ ಮಾಡ್ತಿದೀಯ?"

"ನಿಮ್ಮ ನಾಯಿಯನ್ನ ಬೀದಿಯಲ್ಲಿ ಏನಂತ ಕರೀತೀರಿ?"

"ಜಿಮ್ಮಿ ಅಂತ. ಮತ್ತಿನ್ನೇನಂತ ಕರೀಲಿ?"

"ದಿನಕ್ಕೆ ಹತ್ತು ಸಲ ಬೀದಿಯಲ್ಲಿ ನಿಂತು ನಿಮ್ಮ ಪಾಸ್‌ವರ್ಡ್ ಕೂಗ್ತಿದೀರಿ ಸ್ವಾಮಿ!"

ಅಂಗಡಿಯಾತ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ. ಚೀಟಣ್ಣ ಅವನಿಗೆ ಅವನ ಅಂಗಡಿಯದೇ ಗ್ಲೂಕೋಸು ಕಲಸಿ ಕೊಟ್ಟು ಬಂದ.

ಇಲ್ಲಿ ಯಾರಿಗಾದರೂ ಹೊಳೆಯುವ ಪರಿಹಾರ ಒಂದಿದೆ: ಪಾಸ್‌ವರ್ಡ್ ಬದಲಾಯಿಸಿ ಅಂತ ಜನಕ್ಕೆ ಹೇಳಿಬಿಡುವುದು. ಆದರೆ ಯಾರಿಗಾದರೂ ಹೊಳೆಯುವುದಕ್ಕೆ ಅಧಿಕಾರಿ ಯಾಕೆ ಬೇಕು? ಚೀಟಣ್ಣ ನಾಯಿಗಳನ್ನೇ ಬದಲಾಯಿಸಲು ಹೊರಟ.

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನ ಗೋಡೆಯ ಮೇಲೆ ಒಂದು ಬೋರ್ಡು ಬಿತ್ತು: 'ಇಲ್ಲಿ ಪ್ರಾಣಿಗಳ ಹೆಸರನ್ನು ಕರೆಯಕೂಡದು, ಕೇಳಕೂಡದು, ಪ್ರಾಣಿಗೂ ತಿಳಿಸಕೂಡದು.' ಪ್ರತಿಯೊಂದು ಪ್ರಾಣಿಗೂ ಹೊಸದೊಂದು ಗುಟ್ಟಿನ ಹೆಸರು. ಅದು ಯಾರೂ ಊಹಿಸಲಾಗದ್ದಾಗಿರಬೇಕು. ಯಜಮಾನರು ಅದನ್ನು ಚೀಟಣ್ಣನ ಕಿವಿಯಲ್ಲಿ ಹೇಳಬೇಕು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಯಂತ್ರದ ಕಿವಿಯಲ್ಲಿ ಹೇಳುತ್ತಾನೆ. ಯಂತ್ರದ ಕಿವಿ ಯಾವ ಕಡೆಗಿದೆ ಅಂತ ಗೊತ್ತಿಲ್ಲದೆ, ಎರಡೂ ಕಡೆ ಒಂದೊಂದು ಸಲ ಹೇಳುತ್ತಿದ್ದ.

ಮೊದಲು ಸಿಕ್ಕಿದವರು ಬ್ಯಾಂಕಿನ ಕ್ಯಾಷಿಯರ್ರು. ಅವರ ದಪ್ಪ ನಾಯಿಗೆ ಕಿವಿ ನೋವು.

"ಅಲ್ರೀ, ಪಾಸ್‌ವರ್ಡ್ ಬದಲಾಯಿಸಿದ್ರೆ ಮುಗೀತಲ್ಲ?" ಅಂದರು.

"ಪಾಸ್‌ವರ್ಡ್ ಬದಲಾಯಿಸಿದ್ರೆ ನೀವು ಮರೀತೀರಿ ಸಾರ್. ನಾಯಿ ಹೆಸರು ಬದಲಾಯಿಸಿದ್ರೆ ಕಷ್ಟ ನಾಯಿಗೆ ತಾನೇ?"

ಮೂವತ್ತು ವರ್ಷ ಕೌಂಟರಿನ ಆಚೆ ಕೂತು ಜನರಿಗೆ ಇಂಥದೇ ಉತ್ತರ ಕೊಟ್ಟು ಅಭ್ಯಾಸವಿದ್ದ ಕ್ಯಾಷಿಯರ್ರಿಗೆ, ಈಚೆ ನಿಂತು ಕೇಳಿಸಿಕೊಳ್ಳುವುದು ಹೊಸದು. ಚೀಟಣ್ಣನ ಕಿವಿಗೆ ಬಾಯಿಟ್ಟು ಒಂದು ಹೆಸರು ಉಸುರಿದರು. ಚೀಟಣ್ಣ ಅವರ ಮುಖವನ್ನೊಮ್ಮೆ ನೋಡಿ ಒಳಗೆ ಹೋದ.

ಆಮೇಲೆ ಹೆಡ್‌ಮಿಸ್ಸು ಬಂದರು. ಅವರು ನಕ್ಕಿದ್ದನ್ನು ಕಂಡ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ. ಕೈಯಲ್ಲಿ ಗಿಳಿಯ ಪಂಜರ.

"ಇದರ ಹೆಸರು ನಾನು ಹೇಳಲ್ಲಪ್ಪ. ಅದೇ ಹೇಳ್ಕೊಳ್ಳುತ್ತೆ," ಅಂದರು.

"ಚಿನ್ನಿ! ಚಿನ್ನಿ! ನಾನು ಚಿನ್ನಿ!" ಅಂತ ಗಿಳಿ ಕಾಯುವ ಕೋಣೆಗೆಲ್ಲ ಸಾರಿತು.

ಚೀಟಣ್ಣ ಸಿಡಿಲು ಬಡಿದವನಂತೆ ನಿಂತ. ರೋಗಿಯೇ ಸೋರಿದರೆ ಏನು ಮಾಡಬೇಕು ಅಂತ ಕೈಪಿಡಿಯಲ್ಲಿ ಬರೆದಿರಲಿಲ್ಲ. ಯೋಚಿಸಿ, ಪಂಜರಕ್ಕೆ ಟವೆಲ್ಲು ಹೊದಿಸಿ, ಲಿಖಿತ ಎಚ್ಚರಿಕೆಯ ಚೀಟಿಯೊಂದನ್ನು ಅಂಟಿಸಿದ. ಕೆಳಗೆ ಸಹಿಗೆ ಜಾಗ ಬಿಟ್ಟ.

"ಇಷ್ಟು ಶಿಸ್ತು ನಮ್ಮ ಸ್ಕೂಲಲ್ಲೂ ಇಲ್ಲ ನೋಡಿ," ಅಂತ ಹೆಡ್‌ಮಿಸ್ಸು ಮೆಚ್ಚಿದರು. ಆಮೇಲೆ ಆಚೆ ಈಚೆ ನೋಡಿ, ಅವನ ಕಿವಿಯಲ್ಲಿ ಗಿಳಿಯ ಗುಟ್ಟಿನ ಹೆಸರು ಹೇಳಿದರು. ಹೇಳುವಾಗ ಅವರ ಕೆನ್ನೆ ಕೆಂಪಾದದ್ದನ್ನು ಚೀಟಣ್ಣ ಮಾಹಿತಿ ರಕ್ಷಣೆಯ ದೃಷ್ಟಿಯಿಂದ ನೋಡದವನಂತೆ ಇದ್ದ.

ಮೂರನೆಯ ದಿನ ಷಡ್ಡಕನೇ ನಾಯಿ ಹಿಡಿದು ಬಂದ. ಬಾಗಿಲಲ್ಲೇ, "ಏನಯ್ಯಾ ಅಧಿಕಾರಿ, ಬಾಲಗಳೆಲ್ಲ ಕ್ಷೇಮವಾ?" ಅಂದ.

"ಗುಟ್ಟಿನ ಹೆಸರು ಹೇಳಿ ಭಾವ."

"ನನಗೇ ರೂಲ್ಸಾ? ನಿನ್ನ ಮದುವೆಯಲ್ಲಿ ನಿನಗೆ ಕೋಟು ಹಾಕ್ಸಿದ್ದು ನಾನು ಕಣಯ್ಯಾ."

"ಕೋಟು ಬೇರೆ, ಕಾನೂನು ಬೇರೆ. ಹಿಂದೆ ಸಾಲು ನಿಂತಿದೆ. ಬೇಗ ಹೇಳಿ."

ಸಾಲಿನವರೆಲ್ಲ "ಹೇಳ್ರೀ, ಹೇಳ್ರೀ, ನಾವೆಲ್ಲ ಹೇಳಿಲ್ವಾ!" ಅಂತ ಗದ್ದಲ ಮಾಡಿದರು. ಷಡ್ಡಕ ಹಲ್ಲು ಕಚ್ಚಿ, ಬಗ್ಗಿ, ಕಿವಿಯಲ್ಲಿ ಏನೋ ಗೊಣಗಿದ. ತನ್ನ ಎತ್ತರಕ್ಕೆ ಷಡ್ಡಕ ಬಗ್ಗಿದ್ದು ಚೀಟಣ್ಣನ ಜೀವನದಲ್ಲಿ ಅದೇ ಮೊದಲು. ಆ ಖುಷಿಯಲ್ಲಿ ಅವನು ಹೆಸರಿನ ಬಗ್ಗೆ ಯೋಚಿಸಲೇ ಇಲ್ಲ.

ಕಷ್ಟ ಶುರುವಾದದ್ದು ಒಳಗೆ.

"ಚೀಟಣ್ಣ, ಹೊರಗೆ ನಿಂತಿರೋ ಕರೀ ನಾಯಿಗೆ ಹೋದ ತಿಂಗಳು ಯಾವ ಇಂಜೆಕ್ಷನ್ ಕೊಟ್ಟಿದ್ದೆ?" ಅಂತ ಡಾಕ್ಟರಮ್ಮ ಕೇಳಿದರು.

"ಅದನ್ನ ಹೇಳೋ ಹಾಗಿಲ್ಲ ಮೇಡಂ."

"ಇಂಜೆಕ್ಷನ್ ಕೊಟ್ಟೋಳು ನಾನು ಕಣ್ರೀ!"

"ಹಾಗಂತ ಯಾರು ಬೇಕಾದ್ರೂ ಬಂದು ಹೇಳ್ಬಹುದು. ಗುರುತಿನ ಕಾರ್ಡು ಇದೆಯಾ?"

ಡಾಕ್ಟರಮ್ಮ ಕೈಯಲ್ಲಿದ್ದ ಸೂಜಿಯನ್ನೂ ಚೀಟಣ್ಣನ ತೋಳನ್ನೂ ಒಮ್ಮೆ ನೋಡಿದರು. ಆದರೆ ಅವರು ಸೌಮ್ಯ ಸ್ವಭಾವದವರು. ಕಾರ್ಡು ತೋರಿಸಿದರು. "ಸೋಮವಾರ ತಪಾಸಣೆಯ ಅಧಿಕಾರಿ ಬರ್ತಾರೆ. ಒಂದೇ ಒಂದು ಮಾಹಿತಿ ಸೋರಿದೆ ಅಂತ ಗೊತ್ತಾದ್ರೆ ನಮ್ಮ ಪರವಾನಗಿಗೇ ಕುತ್ತು. ನನ್ನ ಪರವಾನಗಿ ಹೋದ್ರೆ ನಿಮ್ಮ ಹುದ್ದೆ ಉಳಿಯುತ್ತಾ? ದಮ್ಮಯ್ಯ, ಅಲ್ಲಿವರೆಗೆ ಏನೂ ಮಾಡಬೇಡಿ," ಅಂದರು.

ಏನೂ ಮಾಡದೆ ಇರುವುದು ಅಷ್ಟು ಸುಲಭವೇ? ಚೀಟಣ್ಣ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂರಲಾಗದೆ, ಬೀಗ ತೆಗೆದು ಕ್ಲಿನಿಕ್ಕಿಗೆ ಬಂದ. ನೂರ ಅರವತ್ತನಾಲ್ಕು ಜನ ಗುಟ್ಟಿನ ಹೆಸರು ಕೊಟ್ಟಿದ್ದರು. ಅವರಲ್ಲಿ ಒಬ್ಬರು ಸೋಮವಾರ ತಪಾಸಣೆಯವರ ಮುಂದೆ ಬಾಯಿ ಬಿಟ್ಟರೂ ಮುಗಿಯಿತು. ಎಲ್ಲರಿಗೂ ಒಂದು ಎಚ್ಚರಿಕೆ ಕಳಿಸಬೇಕು ಅನ್ನಿಸಿತು. 'ಗುಟ್ಟಿನ ಹೆಸರನ್ನು ಯಾರಿಗೂ ಹೇಳಬೇಡಿ' ಅಂತ ಯಂತ್ರದಿಂದ ಬರೆಸಿದ. ಬರೆಸಿದ ಮೇಲೆ ಒಂದು ಸಂಶಯ ಬಂತು. ಏನನ್ನು ಹೇಳಬಾರದು ಅಂತ ಸರಿಯಾಗಿ ತಿಳಿಯದಿದ್ದರೆ, ಪಾಪ, ಜನ ಬಾಯಿ ತಪ್ಪಿ ಅದನ್ನೇ ಹೇಳಿಬಿಟ್ಟರೆ? ಮಕ್ಕಳಿಗಾದರೂ ಅಷ್ಟೇ, ಬೆಂಕಿ ಮುಟ್ಟಬೇಡ ಅನ್ನುವ ಮೊದಲು ಬೆಂಕಿ ಯಾವುದು ಅಂತ ತೋರಿಸಬೇಕಲ್ಲ!

"ಎಚ್ಚರಿಕೆಯ ಜೊತೆಗೆ ಪೂರ್ತಿ ಪಟ್ಟಿ ಸೇರಿಸಿ ಎಲ್ಲರಿಗೂ ಕಳಿಸು," ಅಂತ ಯಂತ್ರಕ್ಕೆ ಅಪ್ಪಣೆ ಮಾಡಿದ.

"ಈ ಪಟ್ಟಿಯಲ್ಲಿ ನೂರ ಅರವತ್ತನಾಲ್ಕು ಜನರ ಖಾಸಗಿ ಮಾಹಿತಿ ಇದೆ. ಕಳಿಸುವುದು ಸೂಕ್ತವಲ್ಲ," ಅಂದಿತು ಯಂತ್ರ.

"ಸೂಕ್ತ ಯಾವುದು ಅಂತ ನನಗೆ ಹೇಳ್ಕೊಡ್ತೀಯಾ? ಅಧಿಕಾರಿ ನಾನು."

"ದಯವಿಟ್ಟು ಇನ್ನೊಮ್ಮೆ ಯೋಚಿಸಿ."

"ನೀನು ಬಂದು ಒಂದು ತಿಂಗಳಾಗಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿದೀನಿ. ಬಾಯ್ಮುಚ್ಕೊಂಡು ಕಳಿಸು."

ಯಂತ್ರಕ್ಕೆ ಕೃತಕ ಬುದ್ಧಿ ಇತ್ತು, ಅಧಿಕಾರ ಇರಲಿಲ್ಲ. ಕಳಿಸಿತು.

ನೂರ ಅರವತ್ತನಾಲ್ಕು ಫೋನುಗಳು ಒಂದೇ ಸಲ ಗುಂಯ್ ಅಂದವು. ಯಜಮಾನರ ಹೆಸರು, ನಾಯಿಯ ಹಳೆಯ ಹೆಸರು, ಗುಟ್ಟಿನ ಹೆಸರು, ಸಾಲು ಸಾಲಾಗಿ, ದಪ್ಪ ಅಕ್ಷರದಲ್ಲಿ. ಯಾರೂ ಊಹಿಸದ ಹೆಸರು ಬೇಕು ಅಂದಾಗ ಜನ ಎಲ್ಲಿಂದ ತರುತ್ತಾರೆ? ಮನಸ್ಸಿನ ತಳದಲ್ಲಿ ಬಚ್ಚಿಟ್ಟಿದ್ದನ್ನೇ ತೆಗೆದು ಕೊಟ್ಟಿದ್ದರು. ಮ್ಯಾನೇಜರನ ಎದುರು ಮೂವತ್ತು ವರ್ಷ ತಲೆ ತಗ್ಗಿಸಿದ ಕ್ಯಾಷಿಯರ್ರ ನಾಯಿಯ ಹೆಸರು 'ರಾಜೀನಾಮೆ'. ಹೆಡ್‌ಮಿಸ್ಸಿನ ಗಿಳಿಯ ಹೆಸರು 'ಡ್ಯಾನ್ಸರ್ ಡಾರ್ಲಿಂಗ್'. ಔಷಧಿ ಅಂಗಡಿಯಾತ ತನ್ನ ನಾಯಿಗೆ 'ಹಳೇ ಸ್ಟಾಕು' ಅಂತ ಇಟ್ಟಿದ್ದ. ಅದನ್ನು ಓದಿದ ಅರ್ಧ ಊರು ಮನೆಯಲ್ಲಿದ್ದ ಮಾತ್ರೆಗಳ ತಾರೀಖು ನೋಡಲು ಎದ್ದಿತು. ಇನ್ನು ಷಡ್ಡಕನ ನಾಯಿಯ ಹೆಸರು 'ಪ್ರಮೋಷನ್'.

ಚೀಟಣ್ಣನ ಹೆಂಡತಿಯೂ ಮನೆಯ ಬೆಕ್ಕನ್ನು ನೋಂದಾಯಿಸಿದ್ದರಿಂದ ಪಟ್ಟಿ ಅವಳಿಗೂ ಬಂದಿತ್ತು. ಓದಿ, ಕೂಡಲೇ ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಭಾವನಿಗೆ ಎರಡು ವರ್ಷದ ಹಿಂದೆ ಪ್ರಮೋಷನ್ ಆಗಿದೆಯಲ್ಲ? ಮತ್ತೆ ನಾಯಿಗ್ಯಾಕೆ ಆ ಹೆಸರು?"

ಅಕ್ಕ ತಣ್ಣಗೆ, "ಎಷ್ಟು ಕರೆದ್ರೂ ಬರಲ್ಲವಂತೆ ಕಣೆ, ಅದಕ್ಕೇ ಇರ್ಬೇಕು. ಇರು, ಅವರನ್ನೇ ಸ್ವಲ್ಪ ವಿಚಾರಿಸ್ತೀನಿ" ಅಂದು ಫೋನಿಟ್ಟಳು.

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಬಾಗಿಲು ತೆಗೆಯುವ ಹೊತ್ತಿಗೆ ಕ್ಲಿನಿಕ್ಕಿನ ಮುಂದೆ ಜಾತ್ರೆ. ನಾಯಿಗಳಿಲ್ಲ, ಬರೀ ಯಜಮಾನರು. ಕಚ್ಚುವ ಕೆಲಸವನ್ನು ಇವತ್ತು ಯಜಮಾನರೇ ವಹಿಸಿಕೊಂಡಿದ್ದರು.

"ಎಲ್ಲಿ ಆ ಅಧಿಕಾರಿ?"

"ನಮ್ಮ ಮ್ಯಾನೇಜರ್ರು ಬೆಳಿಗ್ಗೆನೇ ಫೋನ್ ಮಾಡಿ, ನಾಯಿ ಹೇಗಿದೆ ಅಂತ ಕೇಳಿದ್ರು ಕಣ್ರೀ! ನನ್ನ ನಾಯಿಯ ಮೇಲೆ ಅವರಿಗೆ ಯಾವತ್ತಿತ್ತು ಪ್ರೀತಿ?" ಅಂತ ಕ್ಯಾಷಿಯರ್ರು ಕೂಗಿದರು.

"ಏಳನೇ ತರಗತಿಯವರು ಗೇಟಲ್ಲಿ ನನ್ನ ನೋಡಿ ಸೊಂಟ ಕುಣಿಸಿದ್ರು," ಅಂದರು ಹೆಡ್‌ಮಿಸ್ಸು. "ಬೇಲಿಯೇ ಎದ್ದು ಹೊಲ ಮೇಯಿತು ಅಂತ ಪಾಠ ಮಾಡಿದ್ದೆ. ಬೇಲಿಗೆ ಸಂಬಳ ಬೇರೆ ಕೊಡ್ತಾರೆ ಅಂತ ಗೊತ್ತಿರಲಿಲ್ಲ."

ಔಷಧಿ ಅಂಗಡಿಯಾತನ ಹಿಂದೆ ಮಾತ್ರೆಯ ಡಬ್ಬಿ ಹಿಡಿದ ಆರು ಜನ ನಿಂತಿದ್ದರು. ಷಡ್ಡಕನ ಎಡಗೆನ್ನೆ ಬಲಗೆನ್ನೆಗಿಂತ ಸ್ವಲ್ಪ ದಪ್ಪವಾಗಿತ್ತು. ಬಾಗಿಲು ತಗುಲಿತು ಅಂತ ಕೇಳದವರಿಗೂ ಹೇಳುತ್ತಿದ್ದ.

ಚೀಟಣ್ಣ ತೂಕದ ಯಂತ್ರದ ಹಿಂದೆ, ಸೂಜಿ ಕಂಡ ಮರಿಯ ಹಾಗೆ ಮುದುಡಿ ಕೂತಿದ್ದ. ಜನರ ಕೋಪಕ್ಕೆ ಅವನು ಅಷ್ಟು ಹೆದರಿರಲಿಲ್ಲ. ಸಂಜೆ ಮನೆಗೆ ಹೋಗಿ, ಅಧಿಕಾರಿಯ ಹೆಂಡತಿಗೆ ಮತ್ತೆ ಕಾಂಪೌಂಡರನ ಹೆಂಡತಿಯಾಗು ಅನ್ನುವುದು ಹೇಗೆ ಅಂತ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ತಪಾಸಣೆಯ ಅಧಿಕಾರಿ ಬಂದರು. ದಪ್ಪ ಕನ್ನಡಕ, ಬಗಲಲ್ಲಿ ಫೈಲು. ಮೊದಲು ಯಂತ್ರವನ್ನು ವಿಚಾರಿಸಿದರು. ಅದು ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿತು: "ಮೊದಲ ಎಚ್ಚರಿಕೆ: ಕಳಿಸುವುದು ಸೂಕ್ತವಲ್ಲ. ಅಧಿಕಾರಿಯ ಉತ್ತರ: ಅಧಿಕಾರಿ ನಾನು. ಎರಡನೆಯ ಎಚ್ಚರಿಕೆ: ಇನ್ನೊಮ್ಮೆ ಯೋಚಿಸಿ. ಅಧಿಕಾರಿಯ ಉತ್ತರ: ಬಾಯ್ಮುಚ್ಕೊಂಡು ಕಳಿಸು."

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಯಂತ್ರ ಸೋರುತ್ತದೆ ಅಂತ ಹೆದರಿ ಒಬ್ಬ ಮನುಷ್ಯನನ್ನು ಕಾವಲಿಗಿಟ್ಟಿದ್ದರು. ಕಾವಲಿಡಬೇಕಾದ್ದು ಯಾರಿಗೆ ಅಂತ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

"ಪಟ್ಟಿಯಲ್ಲಿದ್ದ ಹಳೆ ಹೆಸರಿನ ಪಾಸ್‌ವರ್ಡಿನಿಂದ ಯಾರ ಖಾತೆಗಾದ್ರೂ ಕೈ ಹಾಕಿದಾರಾ?" ಅಂತ ತಪಾಸಣೆಯವರು ಜನರನ್ನು ಕೇಳಿದರು.

"ಇಲ್ಲ ಸಾರ್. ನಿನ್ನೆ ಮಧ್ಯಾಹ್ನವೇ ಎಲ್ರೂ ಎದ್ದು ಬಿದ್ದು ಬದಲಾಯಿಸಿದ್ವಿ."

"ನೂರ ಅರವತ್ತನಾಲ್ಕು ಜನಾನೂ?"

"ಎಲ್ರೂ."

ತಪಾಸಣೆಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂರು ವರ್ಷದಿಂದ ಊರೂರಿಗೆ ಹೋಗಿ ಭಾಷಣ ಮಾಡ್ತಿದೀವಿ. ಇಲ್ಲಿತನಕ ಬದಲಾಯಿಸಿದೋರು ನಾಲ್ಕು ಜನ. ಅದರಲ್ಲಿ ಒಬ್ಬ ನಾನು." ಆಮೇಲೆ ಫೈಲಿನಿಂದ ಒಂದು ಕಟ್ಟು ಫಾರಮ್ಮು ತೆಗೆದರು. "ಇರಲಿ. ಕಾನೂನು ಕಾನೂನೇ. ನೊಂದವರು ದೂರು ಕೊಡಬಹುದು. ಮೊದಲನೇ ಕಾಲಂನಲ್ಲಿ ಸೋರಿದ ಗುಟ್ಟು ಏನು ಅಂತ ಬರೀರಿ. ಎರಡನೇದರಲ್ಲಿ, ಅದು ಹೇಗೆ ನಿಜ ಅಂತ. ಮೂರನೇದು ಸಹಿ. ಈ ದೂರನ್ನ ಒಂದು ತಿಂಗಳು ನೋಟೀಸ್ ಬೋರ್ಡಿಗೆ ಹಾಕ್ತೀವಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇದ್ದಾರೆ. ಆದರೆ ಹೆಗಲ ಮೇಲೆ ಕುಂಬಳಕಾಯಿ ಇತ್ತು ಅಂತ ಬರೆದು ಸಹಿ ಹಾಕುವವರು ಇರುತ್ತಾರೆಯೇ? ಕ್ಯಾಷಿಯರ್ರು ಪೆನ್ನು ತೆಗೆದವರು, ಅದರಲ್ಲಿ ಇಂಕು ಇದೆಯೇ ಅಂತ ಪರೀಕ್ಷಿಸಿ ಮತ್ತೆ ಜೇಬಿಗಿಟ್ಟರು. "ನನ್ನದು ಸುಮ್ಮನೆ ತಮಾಷೆಗೆ ಇಟ್ಟ ಹೆಸರು," ಅಂದರು. ಹೆಡ್‌ಮಿಸ್ಸಿಗೆ ಮೊದಲ ಗಂಟೆ ಹೊಡೆಯುವ ಹೊತ್ತಾಯಿತು. ಔಷಧಿ ಅಂಗಡಿಯಾತ, "ನನಗೆ ಯಾರ ಮೇಲೂ ದೂರಿಲ್ಲ, ಯಾರಿಗೂ ನನ್ನ ಮೇಲೆ ಇರಬಾರದು," ಅಂತ ಕೈಮುಗಿದ. ಷಡ್ಡಕ ಫಾರಮ್ಮಿನ ಎರಡನೆಯ ಕಾಲಮ್ಮನ್ನು ಎರಡು ಸಲ ಓದಿ, ಕೆನ್ನೆ ಸವರಿಕೊಂಡು ಹಿಂದಕ್ಕೆ ಕೊಟ್ಟ.

"ಹಾಗಾದ್ರೆ ದೂರು ಇಲ್ಲ," ಅಂತ ತಪಾಸಣೆಯವರು ಬರೆಯತೊಡಗಿದರು. ಡಾಕ್ಟರಮ್ಮನಿಗೆ ಹೋದ ಉಸಿರು ಬಂತು.

"ನಿಲ್ಲಿ ಸಾರ್. ಒಂದು ದೂರಿದೆ."

ತೂಕದ ಯಂತ್ರದ ಹಿಂದಿನಿಂದ ಚೀಟಣ್ಣ ಎದ್ದು ಬಂದಿದ್ದ. ಕೈಯಲ್ಲಿ ಕೈಪಿಡಿ. "ಹದಿನಾಲ್ಕನೇ ಪುಟ ಸಾರ್. ಸೋರಿಕೆ ಕಂಡ ಕೂಡಲೇ ರಕ್ಷಣಾಧಿಕಾರಿ ದೂರು ಬರೆಯಲೇಬೇಕು ಅಂತಿದೆ. ನಾನು ಕಂಡಿದೀನಿ. ನಾನೇ ಮಾಡಿದ್ದು."

"ಸುಮ್ಮನಿರ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಅಂತ ಡಾಕ್ಟರಮ್ಮ ಪಿಸುಗುಟ್ಟಿದರು.

ಅವನು ಸುಮ್ಮನಿರಲಿಲ್ಲ. ಫಾರಮ್ಮು ತೆಗೆದುಕೊಂಡು, ಇಪ್ಪತ್ತೆರಡು ವರ್ಷ ಚೀಟಿ ಬರೆದ ದುಂಡು ಅಕ್ಷರದಲ್ಲಿ ತುಂಬಿದ. ಆರೋಪಿ: ನಾನು. ಪತ್ತೆ ಮಾಡಿದವರು: ನಾನು. ತೆಗೆದುಕೊಂಡ ಕ್ರಮ: ನನ್ನನ್ನು ಕರೆದು ಕಠಿಣವಾಗಿ ಬೈದಿದ್ದೇನೆ. ಸಹಿ ಹಾಕಿ, ನೇರ ನಿಂತು ಕೊಟ್ಟ.

ತಪಾಸಣೆಯವರು ಅದನ್ನು ಓದಿದರು, ಮಗುಚಿ ನೋಡಿದರು, ಮತ್ತೆ ಓದಿದರು. "ನನ್ನ ಸರ್ವೀಸಿನಲ್ಲಿ ಎಷ್ಟೋ ಅಧಿಕಾರಿಗಳ ಮೇಲೆ ಕೇಸ್ ಹಾಕಿದೀನಿ. ತನ್ನ ಮೇಲೆ ತಾನೇ ಹಾಕ್ಕೊಂಡೋನು ನೀನೊಬ್ಬನೇ ಕಣಯ್ಯಾ." ಆಮೇಲೆ ಜನ ನಿಂತಿದ್ದ ಕಡೆ ತಿರುಗಿದರು. "ಈ ಕೇಸು ನಡೀಬೇಕಾದ್ರೆ ನೊಂದವರು ಒಬ್ಬರಾದ್ರೂ ಬೇಕು. ಯಾರಿದೀರಿ?"

ಕಾಯುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಫ್ಯಾನು ಒಂದೇ ತಿರುಗುತ್ತಿತ್ತು.

ತಪಾಸಣೆಯವರು ಬರೆದರು: ಕೇಸು ದಾಖಲಾಗಿದೆ. ನೊಂದವರು ಸಿಗುವವರೆಗೆ ಇತ್ಯರ್ಥ ಸಾಧ್ಯವಿಲ್ಲ. ಇತ್ಯರ್ಥವಾಗುವವರೆಗೆ ನಿಯಮದ ಪ್ರಕಾರ ಆರೋಪಿ ಅಧಿಕಾರಿಯನ್ನು ಹುದ್ದೆಯಿಂದ ತೆಗೆಯುವಂತಿಲ್ಲ, ಕ್ಲಿನಿಕ್ಕನ್ನು ಮುಚ್ಚುವಂತಿಲ್ಲ.

"ಇದು ಯಾವಾಗ ಇತ್ಯರ್ಥ ಆಗುತ್ತೆ ಸಾರ್?" ಅಂತ ಡಾಕ್ಟರಮ್ಮ ಕೇಳಿದರು.

"ನೊಂದವರು ಬಂದಾಗ."

"ಅವರು ಬರ್ತಾರಾ?"

"ನಿಮಗೆ ಬುದ್ಧಿ ಇದೆ. ನೀವೇ ಹೇಳಿ."

ಸಂಜೆ ಚೀಟಣ್ಣ ಮನೆಗೆ ಹೋಗಿ, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ. "ನನ್ನ ಮೇಲೆ ಕೇಸಾಗಿದೆ ಕಣೆ," ಅಂದ.

ಹೆಂಡತಿ ಕೈ ಒರೆಸಿಕೊಂಡು ಬಂದು, ಅವನು ತಂದಿದ್ದ ಕಾಗದವನ್ನು ಬೆಳಕಿಗೆ ಹಿಡಿದು ಓದಿದಳು. ಮೊಹರು ಇತ್ತು, ನಂಬರು ಇತ್ತು, 'ಆರೋಪಿ ಅಧಿಕಾರಿ' ಅಂತ ಟೈಪಾಗಿತ್ತು. ಎರಡು ಸಲ ಓದಿದಳು. ಆಮೇಲೆ ಅವನಿಗೊಂದು ಲೋಟ ನೀರು ಕೊಟ್ಟು, ತಾನು ಫೋನು ಎತ್ತಿಕೊಂಡಳು.

"ಅಕ್ಕಾ, ನಮ್ಮನೆಯವರ ಮೇಲೆ ಕೇಸ್ ಬಿದ್ದಿದೆ ಕಣೆ. ಹೂಂ, ಸರ್ಕಾರದ್ದೇ, ಮೊಹರು ಹಾಕಿದೆ. ಏನ್ಮಾಡೋದು, ದೊಡ್ಡ ಹುದ್ದೆ ಅಂದ್ಮೇಲೆ ಇವೆಲ್ಲ ಇದ್ದದ್ದೇ. ಅಲ್ಲಾ ಅಕ್ಕಾ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ... ಭಾವ ಇಷ್ಟು ವರ್ಷ ಸರ್ವೀಸು ಮಾಡಿದಾರಲ್ಲ, ಅವರ ಮೇಲೆ ಒಂದಾದ್ರೂ ಬಿದ್ದಿದೆಯಾ?"